ಮನೆಗೆ ಹೋಗುವ ಬ್ಯಾಟರಿ

ಖಾನಾಪುರದ ಆ ಎಲೆಕ್ಟ್ರಿಷಿಯನ್ ವೈರು ಮುಟ್ಟುವ ಮುನ್ನ ಎರಡು ಸಲ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ದನಗಳ ಲಸಿಕೆ ಒಯ್ಯುವ ನನ್ನ ವ್ಯಾನಿನ ಎರಡೂ ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿಬಿಡಿ ಎಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. ಫ್ರಿಜ್ಜಿಗೊಂದು, ಇಂಜಿನ್ನಿಗೊಂದು ಎಂದು ಬೇರೆ ಬೇರೆ ಸ್ವಿಚ್ಚು ಕೂಡಿಸಿ, "ಒಂದು ದುಡಿಯಾಕ, ಒಂದು ಮನಿಗಿ ಹೋಗಾಕ್ರಿ ಡಾಕ್ಟರ" ಎಂದರು. ಹೋದಾಗಲೆಲ್ಲ ಅದೇ ಮಾತು, ನನಗೆ ರೇಗುತ್ತಿತ್ತು.

ಒಂದು ಸಂಜೆ ಪಾರಿಶ್ವಾಡದಲ್ಲಿದ್ದಾಗ, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಬೆಳಗಾವಿಯ ಮನೆಯಿಂದ ಫೋನ್ ಬಂತು. ದಿನವಿಡೀ ಓಡಿದ ಫ್ರಿಜ್ಜು ತನ್ನ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ನಿಂತಿತ್ತು. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಇಂಜಿನ್ ಚಾಲೂ ಆಯಿತು.

ಮರುವಾರ ಎಲೆಕ್ಟ್ರಿಷಿಯನ್ ಬಳಿ ಕುಂದಾ ಸಿಹಿಯ ಡಬ್ಬಿ ಒಯ್ದು, ಮಗಳು ಹುಟ್ಟಿದಳೆಂದು ಹೇಳಿದೆ. ಅವರು ಎರಡು ಸಲ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡರು.

"ಟೈಮಿಗಿ ಮನಿ ಮುಟ್ಟಿದ್ರಿಲ್ರಿ?" ಎಂದಷ್ಟೇ ಕೇಳಿದರು.