ಮಾಸ್ತರರ ವಾಕಿಂಗ್ ಹರಕೆ

ದಿನಾ ಅರ್ಧ ತಾಸು ನಡೆಯಿರಿ ಎಂದು ಊರೂರಿನ ಹಿರಿಯರಿಗೆ ಹೇಳಿ ಬರಲು ನಾನು ಆಟೋದಲ್ಲಿ ಹೋಗುತ್ತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮಾಸ್ತರಿಕೆಯಿಂದ ನಿವೃತ್ತನಾದರೂ ನನ್ನ ಬಾಯಿ ನಿವೃತ್ತವಾಗಲಿಲ್ಲ. ಮುಪ್ಪಿನಲ್ಲಿ ರೋಗ ಬಾರದಂತೆ ಇರುವುದು ಹೇಗೆಂದು ಅಧ್ಯಯನ ಮಾಡಲು ಬಂದಿದ್ದ ಡಾಕ್ಟರಮ್ಮನಿಗೆ ಊರ ಮಾತಿನಲ್ಲಿ ಉಪದೇಶ ಮಾಡುವವರು ಬೇಕಿತ್ತು, ನನಗೆ ಕೇಳುವವರು ಬೇಕಿತ್ತು. ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ, ನಡೆಯಿರಿ ಎಂದು ಶಹಾಪುರ, ಸುರಪುರದ ಹಳ್ಳಿಗಳನ್ನೆಲ್ಲ ಸುತ್ತಿದೆ. ಇನ್ಸುಲಿನ್ ಸೂಜಿ ಇರುವೆ ಕಚ್ಚಿದ ಹಾಗಷ್ಟೇ ಎಂದು ಎಷ್ಟು ಮಂದಿಗೆ ಧೈರ್ಯ ತುಂಬಿದೆನೋ.

ಗೋಗಿ ಎಂಬ ಹಳ್ಳಿಯ ಕಟ್ಟೆಯ ಮೇಲೆ ಒಬ್ಬ ಮುದುಕ ಎದ್ದು ನಿಂತ. "ಸರ, ಮೊದಲ ನಿಮ್ಮ ರಕ್ತ ತೋರಸ್ರಿ, ಆಮ್ಯಾಲ ನಮ್ಮದು." ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರಳು ಚಾಚಿದೆ. ಮಷೀನಿನ ಅಂಕಿಯನ್ನು ಡಾಕ್ಟರಮ್ಮ ಗಟ್ಟಿಯಾಗಿ ಓದಲಿಲ್ಲ, ಅದು ಅವರ ದೊಡ್ಡತನ. ಬರುವ ದಾರಿಯಲ್ಲಿ ಮಾತ್ರ ಹೇಳಿದರು: ಗುಳಿಗೆಯ ಜೊತೆ ನಡೆಯಿರಿ, ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಸೂಜಿ. ಆಗ ನನಗೆ ಇರುವೆಯ ನೆನಪೇ ಆಗಲಿಲ್ಲ. ದಬ್ಬಣ ಕಣ್ಣ ಮುಂದೆ ಬಂತು.

ಮರುದಿನ ಮುಂಜಾನೆ ಯಾದಗಿರಿಯ ನಮ್ಮ ಓಣಿ ದಾಟಿ ಅಬ್ಬೆತುಮಕೂರಿನ ಮಠದ ದಾರಿ ಹಿಡಿದೆ. ನೂರು ಹೆಜ್ಜೆ ಆಗಿರಲಿಲ್ಲ, ನನ್ನ ಹಳೆಯ ಶಿಷ್ಯ ಖಾಜಾನ ಆಟೋ ಪಕ್ಕಕ್ಕೆ ಬಂದು ನಿಂತಿತು. "ಅರೇ ಮಾಸ್ಟರ್ ಸಾಬ್, ಪೈದಲ್ ಕಾಯ್ಕು? ಬೈಠೋ!" ನಡೆಯುವುದೇಕೆ, ಹತ್ತಿ ಎಂದವನಿಗೆ ವಾಕಿಂಗ್ ಹೊರಟಿದ್ದೇನೆ ಎಂದೆ. "ವಾಕಿಂಗ ಎಲ್ಲೀತನಕ ಅದರಿ? ಅಲ್ಲೀತನಕ ಬಿಡ್ತೀನಿ" ಎಂದ. ಹತ್ತದಿದ್ದರೆ ಅವನಿಗೆ ಅವಮಾನ, ಹತ್ತಿದೆ. ಮರುದಿನ ಹಾಲಿನವನ ಬೈಕು, ಅದರ ಮರುದಿನ ಒಂದು ಟ್ರ್ಯಾಕ್ಟರು. ಆ ವಾರ ನಾನು ನಡೆದದ್ದಕ್ಕಿಂತ ಹತ್ತಿ ಇಳಿದದ್ದೇ ಹೆಚ್ಚು.

ನಮ್ಮ ಕಡೆ ಸುಮ್ಮನೆ ನಡೆಯುವುದು ಎಂಬುದೇ ಇಲ್ಲ. ನಿಂತಲ್ಲಿ ನಿಲ್ಲದ ಜಂಗಮರನ್ನೂ ಫಕೀರರನ್ನೂ ಕರೆದು ಉಣಿಸಿದ ನಾಡು ಇದು, ನಿಜ. ಆದರೆ ಅವರಿಗೂ ಹೋಗಿ ಮುಟ್ಟಲು ಒಂದು ಊರಿತ್ತು. ತಿರುಗಿ ಬರುವುದಕ್ಕಾಗಿಯೇ ಹೋಗುವವನನ್ನು ಕಂಡರೆ ಜನಕ್ಕೆ ಅನುಮಾನ. ಒಂದೋ ಇವನಿಗೆ ಬಸ್ಸು ತಪ್ಪಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ. ನನ್ನ ವಿಷಯದಲ್ಲಿ ಎರಡನೆಯದೇ ಸುದ್ದಿಯಾಗಿ, ಸುರಪುರದಿಂದ ಹೆಂಡತಿಯ ಅಣ್ಣ ರಾಜಿ ಮಾಡಿಸಲು ಬಂದೇಬಿಟ್ಟ. "ಏನರ ಇರಲ್ರಿ, ಕುಂತು ಮಾತಾಡಿ ಮುಗಿಸೂಣು" ಎಂದ. ಕೂತು ಕೂತೇ ಈ ಗತಿ ಬಂದದ್ದು ಎಂದು ಅವನಿಗೆ ಹೇಗೆ ಹೇಳಲಿ?

ಮತ್ತೆ ಖಾಜಾ ಆಟೋ ನಿಲ್ಲಿಸಿದಾಗ ಸುಳ್ಳು ತಾನಾಗಿ ಬಾಯಿಗೆ ಬಂತು. "ಮಠಕ್ಕ ಹರಕಿ ಹೊತ್ತೀನಪ್ಪಾ. ಮೂರು ತಿಂಗಳು ಈ ದಾರಿ ನಡೀಬೇಕು, ಗಾಡಿ ಹತ್ತಂಗಿಲ್ಲ." ಖಾಜಾ ಇಂಜಿನ್ ಬಂದ್ ಮಾಡಿ ಎದೆಯ ಮೇಲೆ ಕೈಯಿಟ್ಟ. "ಮೇರೆ ವಾಸ್ತೆ ಬಿ ದುವಾ ಕರೋ ಸಾಬ್" ಎಂದ. ತನಗಾಗಿಯೂ ಬೇಡಿಕೊಳ್ಳಬೇಕಂತೆ. ಸಕ್ಕರೆಯ ಮಾತು ಮುಚ್ಚಿಟ್ಟು ಮನೆಯಲ್ಲೂ ಹರಕೆ ಎಂದೇ ಹೇಳಿದೆ. ಅಂದಿನಿಂದ ನನ್ನನ್ನು ಹತ್ತಿಸಿಕೊಳ್ಳಲು ಒಂದು ಗಾಡಿಯೂ ನಿಲ್ಲಲಿಲ್ಲ. ನಿಂತವರೆಲ್ಲ ತೆಂಗಿನಕಾಯಿ ಕೊಟ್ಟರು, ನಮ್ಮ ಹೆಸರಲ್ಲೂ ಒಡೆಸಿ ಎಂದರು. ಅರ್ಧ ದಾರಿಗೆ ಕದ್ದು ತಿರುಗಬೇಕೆಂದಿದ್ದವನು ಇನ್ನೊಬ್ಬರ ಕಾಯಿ ಹೊತ್ತು ಹೇಗೆ ತಿರುಗಲಿ? ಉಳಿದ ದಿನ ಅರ್ಧ ದಾರಿ ನಡೆದರೂ, ಕಾಯಿ ಬರುವ ಪ್ರತಿ ಸೋಮವಾರ ಏದುಸಿರು ಬಿಡುತ್ತ ಮಠ ಮುಟ್ಟಿದೆ. ಬರುವಾಗಿನ ಬಸ್ಸಿಗೆ ಮಾತ್ರ ಹರಕೆಯಲ್ಲಿ ನಾನೇ ರಿಯಾಯಿತಿ ಕೊಟ್ಟುಕೊಂಡೆ.

ಹಿಂದಿನ ಓಣಿಯ ಶರಣಮ್ಮನಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಹಿಡಿದುಕೊಂಡಿದೆ, ತುಸು ನಡೆದಾಡಿ ಎಂದು ಡಾಕ್ಟರಮ್ಮನೂ ನಾನೂ ಹೇಳಿ ಸೋತಿದ್ದೆವು. ಒಂದು ಮುಂಜಾನೆ ಆಕೆ ಸೆರಗು ಸೊಂಟಕ್ಕೆ ಸಿಗಿಸಿ, "ನಾನೂ ಹರಕಿ ಹೊತ್ತೀನ್ರಿ" ಎಂದು ಜೊತೆಗೆ ಬಂದಳು. ಮೊದಲು ಸೇತುವೆಯ ತನಕ, ಆಮೇಲೆ ಅದರಾಚೆಗೆ. ಮುಂದಿನ ವಾರ ಇನ್ನಿಬ್ಬರು ಹಿರಿಯರು ಸೇರಿದರು. ಎರಡು ವರ್ಷದ ನನ್ನ ಭಾಷಣಕ್ಕೆ ಆಗದ್ದು ಒಂದು ಸುಳ್ಳಿಗೆ ಆಯಿತಲ್ಲ ಎಂದು ನಾಚಿಕೆಯಾಯಿತು, ಖುಷಿಯೂ ಆಯಿತು.

ಮೂರು ತಿಂಗಳು ತುಂಬಿದಾಗ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು. ಕುಣಿಯಬೇಕೆನಿಸಿತು. ಆದರೆ ಸುಳ್ಳು ಹರಕೆಯ ಬೆನ್ನಿಗೆ ಪಾಪ ಈ ಮುದುಕಿಯನ್ನೂ ನಡೆಸಿದೆನಲ್ಲ ಎಂಬುದು ಮನಸ್ಸಿಗೆ ಚುಚ್ಚುತ್ತಿತ್ತು. ದಾರಿಯಲ್ಲಿ ಶರಣಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಆಕೆ ನಡಿಗೆ ನಿಲ್ಲಿಸಲೂ ಇಲ್ಲ. "ಗೊತ್ತದ ಬಿಡ್ರಿ. ಹರಕಿ ಹೊತ್ತವ್ರು ಯಾರರ ಮೊಬೈಲ್ ನೋಡಿ ಹೆಜ್ಜಿ ಎಣಸ್ತಾರೇನ್ರಿ?"

"ಮತ್ತೆ ನಿಮ್ಮ ಹರಕೆ?"

"ನಂದೂ ಹಂಗ. ಸುಮ್ನ ಹೊರಗ ಬರ್ತೀನಂದ್ರ ನಮಗ ಯಾರ ಬಿಡ್ತಾರ್ರಿ? ಬಾಗಲಾ ದಾಟೂದ್ರಾಗ ಎಲ್ಲಿಗಿ ಅಂತಾಳ ಸೊಸಿ, ಬೈಕ್ ತೆಗೀತಾನ ಮಗ. ಹರಕಿ ಅಂದ ಮ್ಯಾಲ ಇಬ್ರೂ ಸುಮ್ಮನಾಗ್ಯಾರ. ಇಷ್ಟ ವರ್ಷದ ಮ್ಯಾಲ ಮನಿ ಮಂದಿ ಬೆನ್ನಿಗಿಲ್ದ ಗಾಳಿ ಕುಡ್ಯಾಕತ್ತೇನಿ. ನೀವು ಬಾಯಿ ಬಿಟ್ರ ನಾಳಿಂದ ನನ್ನ ಮತ್ತ ಮನ್ಯಾಗ ಕುಂದರಸ್ತಾರ ನೋಡ್ರಿ."

ನಾನು ಬಾಯಿ ಬಿಡಲಿಲ್ಲ. ಮೊನ್ನೆ ಹೆಂಡತಿ, "ನಿಮ್ಮ ಹರಕಿ ಯಾವಾಗ ಮುಗೀತದ್ರಿ?" ಎಂದು ಕೇಳಿದಳು. ಶರಣಮ್ಮನ ಕಾಲು ನಡೆಯುವ ತನಕ ಎನ್ನುವಂತಿಲ್ಲವಲ್ಲ. ದೇವರಿಗೇ ಗೊತ್ತು ಎಂದೆ. ಹರಕೆಯ ವಿಷಯದಲ್ಲಿ ನಾನು ಮನೆಯಲ್ಲಿ ಆಡಿದ ಮೊದಲ ನಿಜ ಅದು.