ಅತ್ತೆಯ ಪಾಲಿನ ಮಾವಿನ ಮರ

ಮರದ ಬುಡದಲ್ಲಿ ಹಿಟ್ಟು ಬಿದ್ದಿತ್ತು. ಭತ್ತ ಕುಟ್ಟುವಾಗ ಒರಳಿನ ಸುತ್ತ ಉದುರುವ ತೌಡಿನ ಹಾಗೆ, ತಿಳಿ ಹಳದಿ. ಬೆಳಿಗ್ಗೆ ಗುಡಿಸಿ ಹಾಕಿದ್ದೆ, ಸಂಜೆಗೆ ಮತ್ತೆ ಅಷ್ಟೇ ಇತ್ತು. ತಲೆಯೆತ್ತಿ ನೋಡಿದರೆ ತೊಗಟೆಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು, ಅದರ ಬಾಯಲ್ಲಿ ಕಂದು ಅಂಟು.

ಅರವತ್ತರ ದಶಕದ ಮೊದಲ ವರ್ಷಗಳು. ಮೂಡಬಿದಿರೆಯ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬಚ್ಚಲುಕೊಟ್ಟಿಗೆಯ ಪಕ್ಕ ಎರಡು ಹಳೆಯ ಕಾಟುಮಾವಿನ ಮರಗಳು, ಅವುಗಳ ನಡುವೆ ಮೂರನೆಯದರ ಬೊಡ್ಡೆ. ಒಗೆದ ಬಟ್ಟೆ ಹಿಂಡಿ ಇಡಲು ಬೊಡ್ಡೆ ಅನುಕೂಲವಾಗಿತ್ತು. ಆ ಮರ ಮಾವನವರ ಜೊತೆ ಹೋಗಿತ್ತು. ಹಿರಿಯರು ತೀರಿಕೊಂಡರೆ ಮನೆಯದೇ ಮಾವಿನ ಮರ ಕಡಿದು ಚಿತೆಗೆ ಒಟ್ಟುವುದು ನಮ್ಮಲ್ಲಿಯ ಕ್ರಮ. ಈಗ ಹುಳ ಹಿಡಿದದ್ದು ಅತ್ತೆಯ ಮರಕ್ಕೆ. ಹಾಗೆಂದು ಹೇಳುತ್ತಿದ್ದವರು ಅತ್ತೆಯೇ. "ಇದು ನನ್ನದು. ಮಿಡಿ ಬೇಕಾದಷ್ಟು ಕೊಯ್ಯಿ, ಗೆಲ್ಲು ಮಾತ್ರ ಮುರಿಯಬೇಡ" ಎಂದು, ಊಟದ ಬಟ್ಟಲು ತೋರಿಸಿದಷ್ಟು ಸಲೀಸಾಗಿ.

ಇವರು ಮರವನ್ನು ಒಂದು ಸುತ್ತು ಬಂದು ನೋಡಿದರು. "ಗಾಳಿಮಳೆಗೆ ಬಚ್ಚಲಿನ ಮಾಡಿನ ಮೇಲೆ ಬಿದ್ದೀತು. ಹುಳ ಆಚೆ ಮರಕ್ಕೂ ದಾಟೀತು. ಮಳೆಗಾಲಕ್ಕೆ ಮೊದಲು ಕಡಿಸುವ."

ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಅದನ್ನು ಈಗ ಕಡಿದರೆ ನಾನೂ ಈಗಲೇ ಹೊರಡಬೇಕಾ ಮಗಾ? ಹೇಳು, ಸೀರೆ ಬದಲಿಸಿ ಬರ್ತೇನೆ."

ಇವರು ನಗಲಿಲ್ಲ. ನಾನೂ ನಗಲಿಲ್ಲ.

ಆಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅನ್ನಕ್ಕಿಟ್ಟು ಮರದ ಹತ್ತಿರ ಹೋಗುವುದು, ಕಾಂಡಕ್ಕೆ ಕಿವಿ ಇಡುವುದು. ಒಳಗೆ ಕರಕರ ಸದ್ದು. ಗಂಜಿ ಉಕ್ಕಿ ಒಲೆ ಆರಿದ ವಾಸನೆಗೆ ಓಡಿ ಬರುವುದು. ಬಂಟ್ವಾಳದ ತವರಿಗೆ ಹೋದಾಗಲೂ ಹಾಗೆಯೇ. ನಾಲ್ಕು ದಿನವೆಂದು ಹೋದವಳು ಮರುದಿನದ ಬಸ್ಸಿಗೆ ಹೊರಟು ನಿಂತೆ. "ಗಂಡನನ್ನು ಅಷ್ಟೂ ಬಿಟ್ಟಿರಲಿಕ್ಕೆ ಆಗುವುದಿಲ್ಲವಾ?" ಎಂದು ಅಮ್ಮ ಛೇಡಿಸಿದರು. ಗಂಡನನ್ನಲ್ಲ, ಮರವನ್ನು ಎನ್ನಲು ನಾಚಿಕೆಯಾಯಿತು.

ಹೊರಡುವಾಗ ನನ್ನ ಹಳೆಯ ಹೊಲಿಗೆಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರಲ್ಲಿ, ಕಾನ್ವೆಂಟಿನಲ್ಲಿ ಸಿಸ್ಟರು ಲೇಸು ಹೆಣೆಯಲು ಕಲಿಸಿದ ಕಾಲದ ಕ್ರೋಶಾ ಕಡ್ಡಿ, ತುದಿಯಲ್ಲಿ ಸಣ್ಣ ಕೊಕ್ಕೆ. ಅದನ್ನು ಜೊತೆಗೆ ತಂದೆ.

ಕೊಕ್ಕೆಯನ್ನು ತೂತಿನೊಳಗೆ ಇಳಿಸಿ, ನೂಲು ಎಳೆಯುವಾಗಿನಂತೆ ಮೆಲ್ಲಗೆ ತಿರುಗಿಸಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಹೆಬ್ಬೆರಳಿನಷ್ಟು ದಪ್ಪದ ಹುಳ, ಕೆನೆಬಣ್ಣ, ಮೈಯೆಲ್ಲ ನೆರಿಗೆ, ತಲೆ ಮಾತ್ರ ಕಪ್ಪು.

"ಕಾನ್ವೆಂಟಿನಲ್ಲಿ ಹುಳ ತೆಗೆಯಲಿಕ್ಕೂ ಕಲಿಸ್ತಾರಾ?" ಎಂದರು ಅತ್ತೆ, ಜಗಲಿಯಿಂದಲೇ.

"ಲೇಸು ಹೆಣೆಯಲಿಕ್ಕೆ ಕಲಿಸಿದ್ದು, ಅತ್ತೆ."

"ಹಾಗಾದರೆ ಅದಕ್ಕೂ ಒಂದು ಟೊಪ್ಪಿ ಹೆಣೆದು ಕೊಡು ಮಾರಾಯ್ತಿ, ಪಾಪ, ಮನೆ ಬಿಟ್ಟು ಬಂದಿದೆ."

ಹತ್ತಿಯನ್ನು ಚಿಮಿಣಿ ಎಣ್ಣೆಯಲ್ಲಿ ಅದ್ದಿ ತೂತಿಗೆ ತುರುಕಿ, ಮೇಲೆ ಹಸಿ ಜೇಡಿ ಮೆತ್ತಿದೆ. ಮರುದಿನ ನೋಡಿದರೆ ಒಂದು ಮೊಳ ಮೇಲೆ ಹೊಸ ಹಿಟ್ಟು. ಚಳಿಗಾಲವಿಡೀ ಹೀಗೇ, ಇಲ್ಲಿ ಮುಚ್ಚಿದರೆ ಅಲ್ಲಿ. ಮರ ಉಳಿದರೆ ಅದು ಉಳಿಯುವುದು ಯಾತಕ್ಕೆಂದು ನನಗೆ ಗೊತ್ತಿತ್ತು. ಆದರೂ ಅದು ನಿಂತಿರುವಷ್ಟು ಕಾಲ ಅತ್ತೆ ಜಗಲಿಯಲ್ಲಿ ಕೂತಿರುತ್ತಾರೆ ಎಂದು ಮನಸ್ಸು ಹಟ ಹಿಡಿದಿತ್ತು. ಆಚೆಯ ಮರವನ್ನೂ ದಿನಾ ತಡವಿ ನೋಡುತ್ತಿದ್ದೆ.

ಸೆಕೆ ಏರುವ ಹೊತ್ತಿಗೆ ಅತ್ತೆಯ ಮರದ ಒಂದು ಗೆಲ್ಲು ಎಲೆ ಉದುರಿಸಿ ಬೋಳಾಯಿತು. ಇವರು ಮರ ಕಡಿಯುವವರನ್ನು ಕರೆಸಿಯೇಬಿಟ್ಟರು. ಅವರು ಹಗ್ಗ ಬಿಚ್ಚುತ್ತಿರುವಾಗ ಅತ್ತೆ ಕೋಲೂರಿಕೊಂಡು ಅಂಗಳಕ್ಕಿಳಿದರು. ಬೋಳು ಗೆಲ್ಲಿನತ್ತ ಕೋಲು ಎತ್ತಿ, "ಅದೊಂದು ಸಾಕು ನನಗೆ. ಹುಳ ತಿಂದದ್ದಾದರೂ ಉರಿಯುತ್ತದಲ್ಲ. ಉಳಿದದ್ದು ಮಕ್ಕಳ ಉಪ್ಪಿನಕಾಯಿಗೆ ಇರಲಿ" ಎಂದರು.

"ಹಾಗಾದರೆ ಆ ಗೆಲ್ಲನ್ನು ಈಗಲೇ ಇಳಿಸುವನಾ ಅಮ್ಮಾ?" ಎಂದ ಒಬ್ಬ.

"ಯಾಕೆ, ನಿನಗೆ ಅವಸರ ಉಂಟಾ? ನನಗಿಲ್ಲ."

ಕೊಡಲಿ ಹಿಡಿದವರೂ ನಕ್ಕುಬಿಟ್ಟರು. ಇವರು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು ನೋಡಿದರು. ಸದ್ದು ಟೊಳ್ಳಾಗಿರಲಿಲ್ಲ. ಇನ್ನೊಂದು ಬದಿಯಲ್ಲೂ ಬಡಿದರು. "ಈ ಮಳೆಗಾಲ ಒಂದು ನೋಡುವ" ಎಂದು, ನನ್ನ ಮುಖ ನೋಡದೆ ಒಳಗೆ ಹೋದರು. ಬಂದವರು ಕಾಫಿ ಕುಡಿದು ಹೊರಟರು.

ಆ ಮಳೆಗಾಲದಲ್ಲಿ ಗಾಳಿ ಎದ್ದಾಗಲೆಲ್ಲ ಕೈಯ ಕೆಲಸ ಬಿಟ್ಟು ಕಿಟಕಿಗೆ ಬಂದೆ. ಮರ ತೊಯ್ದು ಕಪ್ಪಾಗಿ ಅಲ್ಲಾಡುತ್ತಿತ್ತು, ಬೀಳಲಿಲ್ಲ. ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಒಣಗಿತೆಂದುಕೊಂಡಿದ್ದ ಗೆಲ್ಲಿನ ನಡುವಿನಿಂದ ತಾಮ್ರದ ಬಣ್ಣದ ಚಿಗುರು ಇಣುಕಿತ್ತು. ಅತ್ತೆಯನ್ನು ಕೂಗಿದೆ. ಅವರು ಕಣ್ಣಿಗೆ ಕೈ ಅಡ್ಡವಿಟ್ಟು ಬಹಳ ಹೊತ್ತು ನೋಡಿದರು.

"ಇದೊಳ್ಳೆ ಕಥೆಯಾಯಿತು. ಇನ್ನು ನನಗೆ ಯಾವುದು?"

"ಇನ್ನೊಂದು ಗೆಲ್ಲು ಒಣಗುವವರೆಗೆ ಕೂತಿರಿ ಅತ್ತೆ."

"ಒಣಗಲಿಕ್ಕೆ ನೀನು ಬಿಟ್ಟರಲ್ಲವಾ" ಎಂದು ಗೊಣಗುತ್ತ ಜಗಲಿ ಹತ್ತಿದರು. ನಾನು ಬಗ್ಗಿ ಬುಡ ನೋಡಿದೆ. ಹಿಟ್ಟು ಇರಲಿಲ್ಲ. ಆಚೆ ಮರದ ಬುಡದಲ್ಲೂ ಇರಲಿಲ್ಲ. ಆದರೂ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಲು ಮನಸ್ಸಾಗದೆ ತುರುಬಿಗೇ ಸಿಕ್ಕಿಸಿಕೊಂಡು ಒಲೆಯ ಕಡೆ ನಡೆದೆ.