ಹನ್ನೊಂದನೇ ಅಧ್ಯಾಯದ ಬೂಟಿನ ಲೇಸು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಆ ವರ್ಷ ಅಮೆರಿಕದ ಕಾದಂಬರಿಕಾರ್ತಿಯೊಬ್ಬರ ಕೃತಿಯ ಅನುವಾದ ನಮ್ಮಲ್ಲಿ ಅಚ್ಚಿಗೆ ಬಂತು. ಅನುವಾದಿಸಿದವರು ಗವಿಪುರಂನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಶೇಷಾದ್ರಿ. ಲೇಖಕಿಯ ಬದುಕನ್ನು ಅವರು ಮುನ್ನುಡಿಯಲ್ಲಿ ಹೇಳಿದ್ದರು: ಗಿರಣಿ ಕಾರ್ಮಿಕನ ಮಗಳು, ಶಾಲಾ ಶಿಕ್ಷಕಿ. ಮಕ್ಕಳು ಏಳುವ ಮೊದಲು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದವರು. ಮೊದಲ ಕಾದಂಬರಿ ಹೊರಬಂದಾಗ ಅವರಿಗೆ ಐವತ್ತು ದಾಟಿತ್ತು. ಆಮೇಲೆ ಏಳು ಕಾದಂಬರಿ, ದೊಡ್ಡ ಪ್ರಶಸ್ತಿಗಳು. ಮುನ್ನುಡಿ ತಿದ್ದುವಾಗಲೇ ಅವರ ಮೇಲೆ ನನಗೆ ಅಭಿಮಾನ ಹುಟ್ಟಿತ್ತು.

ಹನ್ನೊಂದನೇ ಅಧ್ಯಾಯದಲ್ಲಿ ನನ್ನ ಪೆನ್ನು ನಿಂತಿತು. ನಾಲ್ಕನೆಯದರಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ ಕಥಾನಾಯಕಿಯ ಅಪ್ಪ, ಇಲ್ಲಿ ಎರಡೂ ಕೈಯಿಂದ ಮಗಳ ಬೂಟಿನ ಲೇಸು ಕಟ್ಟುತ್ತಾನೆ. ನಮ್ಮಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರು ಪಡುತ್ತಿದ್ದ ಪಾಡು ಕಂಡವಳಿಗೆ ಆ ಸಾಲು ದಾಟಲು ಆಗಲಿಲ್ಲ.

ನಾನು ತೋರಿಸಿದಾಗ ಮೇಷ್ಟ್ರು ಇಂಗ್ಲಿಷ್ ಮೂಲ ತೆರೆದು ನೋಡಿದರು. "ಇಲ್ಲೂ ಹಾಗೇ ಇದೆಯಮ್ಮ. ಅಷ್ಟು ದೊಡ್ಡ ಲೇಖಕಿ, ಅವರನ್ನ ನಾವು ಕೇಳೋದಾ?"

ಮಾಲೀಕರು ರೇಗಿದರು. ಆ ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟ, ಮಾರನೇ ದಿನ ಯಂತ್ರಕ್ಕೆ ಹೋಗಬೇಕಿತ್ತು. "ಕಾಗುಣಿತ ನೋಡೋದು ನಿಮ್ಮ ಕೆಲಸ ಸಾವಿತ್ರಿ, ಕಥೆ ನೋಡೋದಲ್ಲ. ಮೂರು ದಿನ ಕಾಯ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ನೀವು ಬೇರೆ ಕಡೆ ನೋಡ್ಕೊಳ್ಳಿ."

ಮೇಷ್ಟ್ರು ಕೊನೆಗೂ ಪತ್ರ ಬರೆದುಕೊಟ್ಟರು. ಎಸ್‌ಟಿಡಿ ಬೂತಿನಿಂದ ಲೇಖಕಿಯ ಪ್ರಕಾಶಕರಿಗೆ ಫ್ಯಾಕ್ಸ್ ಕಳಿಸಿದೆ. ಮೂರನೇ ದಿನ ಮಧ್ಯಾಹ್ನ, ಲೇಖಕಿಯ ಕೈಬರಹದಲ್ಲೇ ಉತ್ತರ ಬಂತು. ಮೇಷ್ಟ್ರು ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಿದರು.

"ನಿಮ್ಮ ಪ್ರೂಫ್ ರೀಡರ್ ಹೇಳಿದ್ದು ಸರಿ. ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ಕಳೆದುಹೋದ ಆ ಕೈ ನನ್ನ ಸ್ವಂತ ಅಪ್ಪನದು. ಬರೆಯುತ್ತ ಬರೆಯುತ್ತ ನನಗೇ ಗೊತ್ತಿಲ್ಲದೆ ಅದನ್ನು ವಾಪಸ್ ಕೊಟ್ಟುಬಿಟ್ಟಿದ್ದೇನೆ. ನಿಜಕ್ಕೂ ಅವರು ಲೇಸಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕಟ್ಟುತ್ತಿದ್ದರು. ಗೆಳತಿಯರು ನೋಡಿಯಾರೆಂದು ನನಗೆ ನಾಚಿಕೆಯಾಗುತ್ತಿತ್ತು."

ಕೆಳಗೆ, ಕನ್ನಡ ಆವೃತ್ತಿಗೆಂದೇ ಹೊಸ ವಾಕ್ಯವಿತ್ತು: 'ಅಪ್ಪ ನನ್ನ ಪಾದದ ಮೇಲೆ ಬಾಗಿ, ಹಲ್ಲಿನಿಂದ ಗಂಟು ಬಿಗಿದ.'

ಮಾಲೀಕರು ಕರಡನ್ನು ನನ್ನ ಕಡೆ ಸರಿಸಿ, "ನೀವೇ ಬರೀರಿ," ಎಂದರು.

ಹೆಸರು ಗೊತ್ತಿಲ್ಲದ ಊರಿನ ಪ್ರೂಫ್ ರೀಡರ್ ಒಬ್ಬಳಿಗೆ ಆಕೆ ತಪ್ಪನ್ನೂ ಒಪ್ಪಿದರು, ನಾಚಿಕೆಯನ್ನೂ ಹೇಳಿದರು. ಆಮೇಲೆ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದೆ, ಯಾರ ಬಳಿಯೂ ಸಂದೇಹ ಕೇಳಲು ಹಿಂಜರಿಯಲಿಲ್ಲ. ಕೆಲವರು ಸಿಡುಕಿದರು. ನಿಜವಾಗಿ ದೊಡ್ಡವರು, "ಎಲ್ಲಿ, ತೋರಿಸಿ," ಎಂದು ಕನ್ನಡಕ ಹಾಕಿಕೊಂಡರು.